ಎರಡು ವರ್ಷದ ಗ್ಯಾರಂಟಿ

ಪಾಸ್ಟರ್ ಅವರಿಗೆ ವಂದನೆಗಳು.

ಕ್ರಿಸ್ತನು ಈ ವರ್ಷವೇ ಬಂದು ಭೂಮಿಯನ್ನು ಸಾವಿರ ವರ್ಷ ಆಳುತ್ತಾನೆ, ಆಗ ಕುರುಡರಿಗೆಲ್ಲ ಕಣ್ಣು ಬರುತ್ತದೆ ಎಂದು ನೀವು ಬೋಧಿಸಿದಿರಿ. ಅಂದಿನಿಂದ ನಮ್ಮಮ್ಮ ಕಣ್ಣಿನ ಪೊರೆ ತೆಗೆಸಲು ಒಪ್ಪುತ್ತಿಲ್ಲ. “ರಾಜನೇ ಬರ್ತಿರುವಾಗ ಡಾಕ್ಟರ್ ಯಾಕೆ?” ಅನ್ನುತ್ತಾಳೆ. ನಿನ್ನೆ ಹೊಲಿಗೆ ಮೆಷಿನ್ನಿನ ಸೂಜಿ ಬೆರಳಿಗೇ ಹೊಕ್ಕಿತು.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಸೋಮವಾರ ನೀವು ಬಂದಾಗ ಒಳಗೆ ಗಾಜು ಉಜ್ಜುತ್ತಿದ್ದೆ. “ಎರಡು ವರ್ಷ ಗ್ಯಾರಂಟಿ ಇರೋದೇ ಕೊಡಿ” ಅಂದಿರಿ. ನಿಮ್ಮ ಮಾತನ್ನು ನೀವೇ ನಂಬಿದ್ದೀರಾ ಎಂಬ ಅನುಮಾನ ಆಮೇಲೆ ನನ್ನನ್ನು ಬಿಟ್ಟಿಲ್ಲ.

ಗ್ಯಾರಂಟಿಯ ವಿಷಯ ಅಮ್ಮನಿಗೆ ಹೇಳಿಲ್ಲ. ಆಸ್ಪತ್ರೆಯವರು ಗುರುವಾರ ಬರಹೇಳಿದ್ದಾರೆ. ಅಷ್ಟರೊಳಗೆ ಮನೆಗೆ ಬಂದು, ಆಪರೇಷನ್ ಮಾಡಿಸಿಕೊಳ್ಳಿ ಎಂದು ನೀವೇ ಹೇಳಿ. ಹೊಸ ಕನ್ನಡಕ ಹಾಕಿಕೊಂಡೇ ಬನ್ನಿ. ಅವಳಿಗೆ ಹೇಗೂ ಕಾಣುವುದಿಲ್ಲ.

ಇಂತಿ,
ಮೊದಲ ಬೆಂಚಿನ ಟೈಲರಮ್ಮನ ಮಗಳು