ನಾಲ್ಕು ಬೆರಳು ಎತ್ತರ

ಭಾನುವಾರ, ಜೂನ್ ೧೪

ಅಣ್ಣನಿಗೆ ತಂಗಿಯ ನಮಸ್ಕಾರ.

ನಿನ್ನ ಕಾಗದ ಬಂತು. ಅಪ್ಪನ ಮರಗೆಲಸದ ಶೆಡ್ಡಿನಲ್ಲಿ ಹದಿನೇಳು ವರ್ಷ ಒಟ್ಟಿಗೆ ದುಡಿದಿದ್ದೇವೆ, ನೀನು ನನಗೆ ಬರೆದ ಮೊದಲ ಕಾಗದ ಇದು. ಕ್ಷಮೆ ಎಲ್ಲಾದರೂ ಇದೆಯೇ ಎಂದು ಎರಡು ಸಲ ಹುಡುಕಿದೆ. ಸೊಂಟನೋವು ಮಾತ್ರ ಸಿಕ್ಕಿತು.

ಪಾಪ, ಅರ್ಧ ಗಂಟೆ ಹಲಗೆ ಕೀಸಿದರೆ ಬೆನ್ನು ನೆಟ್ಟಗಾಗುವುದಿಲ್ಲವಂತೆ. ಎಕ್ಸ್-ರೇಯಲ್ಲೂ ಏನೂ ಕಾಣಲಿಲ್ಲವಂತೆ. 'ವಯಸ್ಸಾಯ್ತು ಅನ್ಸತ್ತೆ' ಎಂದು ಬರೆದಿದ್ದೀಯ. ಲೈಬ್ರರಿಯವರು ಮಾಡಿಕೊಡಲು ಹೇಳಿದ ಆರು ಮೇಜುಗಳಲ್ಲಿ ನೀನು ಕೀಸಿದ ಎರಡನ್ನು ಅಲೆಅಲೆಯಾಗಿವೆ ಎಂದು ವಾಪಸ್ ಕಳಿಸಿದ್ದಾರೆ. ಶೆಡ್ಡಿನಲ್ಲಿ ಪಾದ ಮುಳುಗುವಷ್ಟು ಮರದ ಹೊಟ್ಟು ಬಿದ್ದಿದೆ, ಬಾಚುವವರಿಲ್ಲ. ಅದಕ್ಕೆ ನಾನು ನಾಳೆಯೇ ಬಂದು ಕೀಸುಳಿ ಹಿಡಿಯಬೇಕಂತೆ.

ನಾನು ಬರುವುದಿಲ್ಲ. ಕೋಪದಿಂದ ಹೇಳುತ್ತಿಲ್ಲ ಎಂದು ಬರೆಯಲು ಹೊರಟೆ, ಅದು ಸುಳ್ಳಾಗುತ್ತದೆ. ಕೋಪದಿಂದಲೇ ಹೇಳುತ್ತಿದ್ದೇನೆ.

ಈಗ ಮನೆಯಲ್ಲೇ ಹಲಗೆ ಇಟ್ಟು ಕೀಸಲು ನನ್ನದೊಂದು ಬೆಂಚು ಆಗಿದೆ. ಊಟದ ಮೇಜನ್ನು ಅಡುಗೆಮನೆಗೆ ತಳ್ಳಿ, ಬೆಂಚನ್ನು ಮುಂದಿನ ಕೋಣೆಯ ಕಿಟಕಿಯ ಬಳಿ ಹಾಕಿಕೊಂಡೆ. ಬೆಳಕು ಅಡ್ಡಲಾಗಿ ಬಿದ್ದರೆ ಹಲಗೆಯ ಉಬ್ಬುತಗ್ಗು ಬಚ್ಚಿಟ್ಟುಕೊಳ್ಳಲಾರದು. ಎತ್ತರಕ್ಕೆ ಅಪ್ಪ ಹೇಳಿದ್ದನ್ನೇ ಹಿಡಿದೆ: ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಅಂಗೈ ಬೆಂಚಿನ ಮೇಲೆ ಕೂರಬೇಕು. ಆಗ ಕೀಸುಳಿಯನ್ನು ಬರೀ ತೋಳಲ್ಲ, ಇಡೀ ಮೈ ತಳ್ಳುತ್ತದೆ. ಅಪ್ಪನ ಬೆಂಚು ಅಪ್ಪನಷ್ಟೇ ಎತ್ತರದ ನಿನಗೆ ಹೇಳಿ ಮಾಡಿಸಿದಂತಿತ್ತು. ನೀನು ಅದರ ಮೇಲೆ ಕೀಸಲೇ ಇಲ್ಲ. ಕೀಸಿದವಳು ನಾನು, ಹದಿನೇಳು ವರ್ಷ, ಭುಜ ಎತ್ತಿಕೊಂಡೇ. ಈಗ ಬಲಗೈ ಜಡೆಯವರೆಗೆ ಹೋಗುವುದಿಲ್ಲ. ನಾಲ್ಕು ಬೆರಳು ಇಳಿಸು ಅಣ್ಣ ಎಂದು ಕೇಳಿದಾಗ ನೀನು ನಕ್ಕೆ. 'ನಿನಗೋಸ್ಕರ ಬೆಂಚಿನ ಕಾಲು ಕತ್ತರಿಸ್ಲಾ? ನೀನೇ ಹೊಂದ್ಕೊಂಡು ಹೋಗೋದು ಕಲಿ' ಎಂದಿದ್ದೆ.

ಹೊಸ ಬೆಂಚು ಹಗುರ, ಕೀಸಿದಂತೆಲ್ಲ ಮುಂದಕ್ಕೆ ಜರುಗುತ್ತಿತ್ತು. ಗೋಡೆಗೂ ಅದಕ್ಕೂ ನಡುವೆ ಎರಡು ಮರದ ತುಂಡು ಕೊಟ್ಟೆ. ಅಂಥವೇ ಇನ್ನೆರಡನ್ನು ಬೆಂಚಿನ ತುದಿಯಲ್ಲಿ ಜಡಿದು, ಹಲಗೆ ಜಾರದಂತೆ ತಡೆ ಮಾಡಿಕೊಂಡೆ. ಚೆನ್ನಾಗಿ ಒಣಗಿದ ಹಳೆಯ ಮರ, ನನ್ನ ಬಳಿ ಇತ್ತು.

ಲೈಬ್ರರಿಯ ಮೇಡಂ ಮೊದಲ ಮೇಜನ್ನು ನೋಡಲು ಶೆಡ್ಡಿಗೆ ಬಂದ ದಿನ ನೆನಪಿದೆಯೇ? ಅಂಗೈಯಿಂದ ಸವರಿ, ಇಷ್ಟು ನುಣುಪು ಮಾಡಿದ್ದು ಯಾರು ಎಂದು ಕೇಳಿದರು. ನೀನು 'ನಾನೇ' ಎಂದೆ. ಇವರು ಯಾರು ಎಂದು ನನ್ನತ್ತ ತಿರುಗಿದರೆ, 'ತಂಗಿ. ಕಸ ಗುಡಿಸೋಕೆ ಬರ್ತಾಳೆ' ಎಂದುಬಿಟ್ಟೆ. ನನ್ನ ಕೈಯಲ್ಲಿ ಪೊರಕೆ ಇದ್ದದ್ದು ನಿಜ. ಕೀಸಿದ ಹೊಟ್ಟನ್ನೂ ನಾನೇ ಬಾಚಬೇಕಿತ್ತಲ್ಲ. ಆ ಮಧ್ಯಾಹ್ನ ನೀನು ಮೇಜು ತಲುಪಿಸಿ ಬರುವಷ್ಟರಲ್ಲಿ ನಾನು ನನ್ನ ಕೀಸುಳಿ ತೆಗೆದುಕೊಂಡು ಹೊರಟುಹೋಗಿದ್ದೆ.

ಮೊನ್ನೆ ಆ ಮೇಡಂ ನನ್ನ ಮನೆ ಹುಡುಕಿಕೊಂಡು ಬಂದರು. ಒಂದು ಹಲಗೆ ತಂದು ಬೆಂಚಿನ ಮೇಲಿಟ್ಟು, ಕುರ್ಚಿ ಎಳೆದು ಕೂತರು. ನಾನು ಕೀಸಿದೆ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸುರುಳಿ, ಎಲ್ಲೂ ಮುರಿಯದೆ ಬಂತು. ಅದನ್ನು ಬೆಳಕಿಗೆ ಹಿಡಿದು, 'ಮೊದಲನೇ ಮೇಜು ನಿಮ್ಮದೇ ಅಲ್ವಾ?' ಎಂದರು. ಹೌದು ಎಂದೆ. ಉಳಿದ ಐದು ಮೇಜನ್ನೂ ನನಗೇ ಒಪ್ಪಿಸಿ ಹೋದರು.

ಮೇಜುಗಳಿಗೆ ಕಾಲು ಕೂಡಿಸಲು ಒಬ್ಬರು ಬೇಕಾಗಿದ್ದಾರೆ. ನೀನು ಬರುವುದಾದರೆ ಬಾ. ಬೆಂಚಿನ ಎತ್ತರ ಮಾತ್ರ ನನ್ನದು, ನೀನೇ ಹೊಂದಿಕೊಂಡು ಹೋಗಬೇಕು.

ಇತಿ,
ಕಸ ಗುಡಿಸುವ ನಿನ್ನ ತಂಗಿ

ಸೊಂಟಕ್ಕೆ ಮದ್ದು ಹೇಳುವುದನ್ನೇ ಮರೆತೆ. ಒಮ್ಮೆ ನೀನೇ ಪೊರಕೆ ಹಿಡಿದು ಅಪ್ಪನ ಬೆಂಚಿನ ಕೆಳಗೆ ಗುಡಿಸು. ನಾನು ಹರಡಿ ಬಂದ ಹೊಟ್ಟು ಸರಿದರೆ ನಾಲ್ಕು ಕಾಲುಗಳೂ ಕಾಣುತ್ತವೆ. ಒಂದೊಂದಕ್ಕೂ ಇಟ್ಟಿಗೆ ಆಸರೆ ಕೊಟ್ಟು ಕೊಯ್ಯಲು ನನಗೆ, ನೀನು ಮೇಜು ತಲುಪಿಸಲು ಹೋಗಿದ್ದ ಆ ಇಡೀ ಮಧ್ಯಾಹ್ನ ಹಿಡಿಯಿತು. ಸರಿಯಾಗಿ ನಾಲ್ಕು ಬೆರಳು. ಬೆಂಚು ಕೂದಲೆಳೆಯಷ್ಟೂ ಅಲುಗುವುದಿಲ್ಲ, ಬೇಕಾದರೆ ಅಲುಗಿಸಿ ನೋಡು. ತುಂಡುಗಳನ್ನು ಮಾತ್ರ ಕೇಳಬೇಡ, ಅವು ನನ್ನ ಬೆಂಚಿಗೆ ಬೇಕು.