ಮುಂದಿನ ಹಗ್ಗ

ಆಫ್ರಿಕಾದ ಪೂರ್ವ ದಂಡೆಯ ಬಂದರಿನಿಂದ
೧೮ ಜುಲೈ ೨೦೨೪

ಪ್ರೀತಿಯ ವೈನಿಗೆ ಮಂಜುಷಾಳ ನಮಸ್ಕಾರಗಳು.

ನಿಮ್ಮ ಒಂದು ಮೆಸೇಜಿಗೂ ಉತ್ತರ ಕೊಡಲಿಲ್ಲ, ಸಿಟ್ಟಾಗಬೇಡಿ. ಫೋನ್ ಮಾಡಿದರೆ ಅವ್ವ ಪಕ್ಕಕ್ಕೆ ಬಂದು ಕೂಡುತ್ತಾಳೆ, ನಿಮ್ಮ ಗಂಡ, ನಮ್ಮ ಪವಮಾನಣ್ಣ, ಸ್ಪೀಕರ್ ಹಾಕು ಅನ್ನುತ್ತಾನೆ. ಇದು ಹಾಗೆ ಹೇಳುವ ಮಾತಲ್ಲ. ಅದಕ್ಕೇ ಕೈಯಲ್ಲಿ ಬರೆದು, ಫೋಟೋ ತೆಗೆದು, ನಿಮಗೊಬ್ಬರಿಗೇ ಕಳಿಸುತ್ತಿದ್ದೇನೆ. ನೀವು ಕಲಿಸುವ ಕಮಲಾಪುರದ ಶಾಲೆಯಲ್ಲೇ, ಊಟದ ಬಿಡುವಿನಲ್ಲಿ ಓದಿಬಿಡಿ. ಜೇವರ್ಗಿ ಕಾಲೋನಿಯ ಮನೆ ಸೇರುವವರೆಗೆ ಕಾಯಬೇಡಿ.

ನಾನು ಗಟ್ಟಿಯಾಗಿದ್ದೇನೆ. ಮೊದಲು ಅದನ್ನೇ ಬರೆಯಬೇಕಿತ್ತು.

ಚಾಂದಪಾಶಾ ಚಾಚಾ ಬಗ್ಗೆ ನಿಮಗೆ ಹೇಳಿದ್ದೆನಲ್ಲ, ನಮ್ಮ ಹಡಗಿನ ಖಲಾಸಿಗಳ ಮುಖ್ಯಸ್ಥ. ಮನೆ ನಮ್ಮೂರಿನ ಶಹಾಬಜಾರದಲ್ಲೇ, ಹೆಂಡತಿಯ ತವರು ಕಮಲಾಪುರ. ನಾನು ಹಡಗು ಹತ್ತಿದ ದಿನ ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು, "ಏ ಬೇಟಿ, ನೀ ನಮ್ಮೂರಾಕಿ ಏನು? ಹಂಗಾರ ಇನ್ನ ಸಮುದ್ರಕ್ಕ ಹೆದರಂಗಿಲ್ಲ ನಾ" ಎಂದು ನಕ್ಕಿದ್ದರು. ನಾನು ಅಧಿಕಾರಿ, ಅವರು ನನ್ನ ಕೈಕೆಳಗಿನವರು. ಆದರೂ ಕೆಲಸದ ಹೊತ್ತು ಮುಗಿದರೆ ನಾನು ಅವರಿಗೆ ಬೇಟಿಯೇ.

ಬಂದರಿನ ಹೊರಗೆ ಲಂಗರು ಹಾಕಿ, ಹಡಗು ಕಟ್ಟಿ ಸರಕು ಇಳಿಸುವ ದಕ್ಕೆಯಲ್ಲಿ ಜಾಗಕ್ಕಾಗಿ ಕಾಯುತ್ತಿದ್ದೆವು. ದಕ್ಷಿಣದಿಂದ ಉದ್ದುದ್ದ ಅಲೆಗಳು ಬರುತ್ತಿದ್ದವು. ಅಂಥ ನೀರಿನಲ್ಲಿ ಲಂಗರಿನ ಭಾರವೊಂದೇ ಹಡಗನ್ನು ಹಿಡಿಯುವುದಿಲ್ಲ. ಸಮುದ್ರದ ತಳದಲ್ಲಿ ಉದ್ದಕ್ಕೆ ಮಲಗಿದ ಸರಪಳಿಯೂ ಹಿಡಿಯಬೇಕು. ನಾವು ಬಿಟ್ಟ ಸರಪಳಿ ಸಾಲಲಿಲ್ಲ. ಬೆಳಗಿನ ಕಾವಲಿನಲ್ಲಿದ್ದಾಗ ದಂಡೆಯ ಮೇಲಿನ ದೀಪಸ್ತಂಭ ಇದ್ದ ದಿಕ್ಕಿನಲ್ಲಿ ಇಲ್ಲದ್ದನ್ನು ಕಂಡೆ. ಸ್ತಂಭ ಎಲ್ಲಿಗೆ ಹೋಗುತ್ತದೆ, ವೈನಿ? ಜಾರುತ್ತಿದ್ದವರು ನಾವು. ಹಿಂದೆ ಒಂದು ಎಣ್ಣೆ ಹಡಗು ನಿಂತಿತ್ತು. ಕೂಡಲೇ ಕ್ಯಾಪ್ಟನ್‌ರನ್ನು ಎಬ್ಬಿಸಿದೆ. ಎಂಜಿನ್ ಚಾಲೂ ಮಾಡಿ, ಲಂಗರೆತ್ತಿ, ದೂರ ಹೋಗಿ, ಹೆಚ್ಚು ಸರಪಳಿ ಬಿಟ್ಟು ಮತ್ತೆ ನಿಂತೆವು. ಚಾಚಾ ಸರಪಳಿಯ ಮೇಲೆ ಅಂಗೈ ಇಟ್ಟು, "ಈಗ ನಡಗಾಕತ್ತಿಲ್ಲ. ಹಿಡದದ" ಎಂದರು.

ಮರುದಿನವೇ ದಕ್ಕೆಯಲ್ಲಿ ಜಾಗ ಸಿಕ್ಕಿತು. ಎಲ್ಲರಿಗೂ ಖುಷಿ, ನನಗೆ ಮಾತ್ರ ಆಗಲಿಲ್ಲ. ಆ ದಕ್ಕೆ ಅದೇ ಅಲೆಗಳಿಗೆ ಮೈಯೊಡ್ಡಿಕೊಂಡಿತ್ತು. ಹಡಗನ್ನು ಕಟ್ಟಿದ ಹಗ್ಗಗಳಲ್ಲಿ ಮುಂದಿನದೊಂದು ಸವೆದು ನೂಲು ಎದ್ದಿತ್ತು. ಹೊಸದು ಉಗ್ರಾಣದಲ್ಲೇ ಇತ್ತು. ಬದಲಿಸೋಣ, ಹಡಗನ್ನು ದಕ್ಕೆಗೆ ಒತ್ತಿ ಹಿಡಿಯಲು ಟಗ್ ದೋಣಿ ಕರೆಸೋಣ ಎಂದು ಕ್ಯಾಪ್ಟನ್‌ಗೆ ಹೇಳಿದೆ. "ಮೊದಲು ಸರಕು ಇಳಿಯಲಿ" ಎಂದರು.

ಮಧ್ಯಾಹ್ನ ಗಾಳಿ ನಿಂತಿತು. ಅಲೆ ನಿಲ್ಲಲಿಲ್ಲ. ನೀರಿನ ಮೇಲೆ ನೊರೆ ಕೂಡ ಇಲ್ಲ. ಹಡಗು ಮಾತ್ರ ಯಾರೋ ಕೆಳಗಿನಿಂದ ನೂಕಿದಂತೆ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಹಗ್ಗಗಳು ಸಡಿಲಾಗಿ ನೀರಿಗೆ ಬೀಳುತ್ತಿದ್ದವು, ಮತ್ತೆ ಬಿಗಿದು ಹಿಂಡಿದಂತೆ ನೀರು ಉದುರಿಸುತ್ತಿದ್ದವು. ದಕ್ಕೆಯ ಮೇಲಿದ್ದ ಹಮಾಲರು ಯಾರೂ ಹೇಳದೆಯೇ ದೂರ ಸರಿದು ನಿಂತರು.

ಹರಿಯುವ ಮೊದಲು ಹಗ್ಗ ಸಪ್ಪಳ ಮಾಡುತ್ತದೆ, ಸಣ್ಣಗೆ. ಚಾಚಾ ತಮ್ಮವರನ್ನೆಲ್ಲ ಹಿಂದಕ್ಕಟ್ಟಿದರು. "ಹಗ್ಗದ ನೇರಕ್ಕ ಯಾರೂ ನಿಂದರಬ್ಯಾಡ್ರಿ!" ಎಂದು ಕೂಗಿದರು. ಆಮೇಲೆ ಆ ಸವೆದ ಹಗ್ಗವೇ ಹರಿದು ಹಡಗಿನ ಕಡೆಗೇ ಚಿಮ್ಮಿತು. ಅದು ಬರುವುದು ಕಣ್ಣಿಗೆ ಕಾಣುವುದಿಲ್ಲ. ನಾನು ಎದ್ದು ನೋಡುವಷ್ಟರಲ್ಲಿ ಚಾಚಾ ಬಿದ್ದಿದ್ದರು. ಆಸ್ಪತ್ರೆಯ ಗಾಡಿ ಬರುವವರೆಗೂ ಅವರ ಕೈ ಹಿಡಿದುಕೊಂಡಿದ್ದೆ. ಕೈ ಬಿಸಿಯಾಗಿಯೇ ಇತ್ತು. ಅವರು ಮಾತ್ರ ಇರಲಿಲ್ಲ.

ನಾಳೆ ವಿಚಾರಣೆ. ಇವತ್ತು ಕ್ಯಾಪ್ಟನ್ ನನ್ನನ್ನು ಕರೆದು ಕೂಡಿಸಿ, ತಾವೇ ಚಹಾ ಕೊಟ್ಟು, ತಂದೆಯಂತೆ ಮೆಲ್ಲಗೆ ಹೇಳಿದರು: "ಅವನು ನಿಲ್ಲಬಾರದ ಜಾಗದಲ್ಲಿ ನಿಂತಿದ್ದ. ಅಷ್ಟೇ ಹೇಳು. ಅದು ಸುಳ್ಳೂ ಅಲ್ಲ. ನಿನಗಿನ್ನೂ ವಯಸ್ಸಿದೆ, ಮೇಲೆ ಹೋಗಬೇಕಾದವಳು."

ಅದು ಸುಳ್ಳಲ್ಲ ಎಂಬುದೇ ನನಗೆ ಭಯ. ಅವರ ಕೋಣೆಯಿಂದ ಸೀದಾ ಹಡಗಿನ ಮುಂಭಾಗಕ್ಕೆ ಹೋದೆ. ಹರಿದ ಹಗ್ಗ ಅಲ್ಲಿಲ್ಲ. ಹೊಸದನ್ನು ನೀಟಾಗಿ ಸುತ್ತಿಟ್ಟಿದ್ದಾರೆ. ಡೆಕ್ಕನ್ನೂ ತೊಳೆದಿದ್ದಾರೆ. ಖಲಾಸಿಗಳನ್ನು ಕೇಳಿದರೆ ಯಾರೂ ಮುಖ ಕೊಡುವುದಿಲ್ಲ. ಊಟಕ್ಕೆ ಕೂತರೆ ನನ್ನ ಪಕ್ಕದ ಕುರ್ಚಿ ಖಾಲಿ.

ನಾನು ಹೇಳುವವಳೇ, ವೈನಿ. ಸವೆದ ಹಗ್ಗದ್ದು, ಕರೆಸದ ಟಗ್ಗಿನದು, ಎಲ್ಲ. ಆಮೇಲೆ ಯಾವ ಹಡಗಿನವರೂ ನನ್ನನ್ನು ಕರೆಯಲಿಕ್ಕಿಲ್ಲ. ನಾನು ಹಡಗು ಬಿಟ್ಟು ಮನೆ ಸೇರಲಿ ಎಂದು ಅವ್ವ ರಾಯರಿಗೆ ಬೇಡಿಕೊಂಡಿದ್ದೂ ಅದನ್ನೇ ತಾನೆ!

ಒಂದು ಕೆಲಸ ನಿಮ್ಮಿಂದಾಗಬೇಕು. ಚಾಚಿ ಈಗ ಕಮಲಾಪುರದಲ್ಲಿದ್ದಾರೆ. ನಿಮ್ಮ ಶಾಲೆಯ ಹಿಂದಿನ ಓಣಿ, ಮಸೀದಿಯ ಎದುರಿನ ಮನೆ. ಹಡಗು ಕಂಪನಿಯ ಆಫೀಸಿನವರು ಅವರಿಗೆ, "ನಿಮ್ಮ ಯಜಮಾನರು ಹೇಳಿದ ಮಾತು ಕೇಳದೆ ಅಲ್ಲಿ ನಿಂತರು" ಎಂದು ತಿಳಿಸಿದ್ದಾರಂತೆ. ನಾನು ಫೋನ್ ಮಾಡಿದಾಗ ಅವರು ಅಳಲಿಲ್ಲ. "ಖರೇನವ್ವಾ? ಅವರು ಯಾರ ಮಾತೂ ಕೇಳಲಿಲ್ಲಂತ, ನೀ ಕಣ್ಣಾರೆ ನೋಡೀಯೇನು?" ಎಂದಷ್ಟೇ ಕೇಳಿದರು. ಫೋನ್ ಇಟ್ಟುಬಿಟ್ಟೆ.

ಇವತ್ತೇ ಹೋಗಿ. ಅವರ ಪಕ್ಕ ಸ್ವಲ್ಪ ಹೊತ್ತು ಕೂಡಿ. ಅದು ಖರೆ ಅಲ್ಲ ಎಂದು ಹೇಳಿ.

ಅವ್ವನಿಗೆ ನಾನು ಊಟ ಸರಿಯಾಗಿ ಮಾಡುತ್ತಿದ್ದೇನೆ ಅನ್ನಿ. ದೇವರ ಮುಂದೆ ದೀಪ ಹಚ್ಚುವಾಗ ನನ್ನನ್ನೂ ನೆನೆದು, ನಾಳೆಯ ದಿನ ದಾಟಲಿ ಎಂದು ಹರಸಿ.

ನಿಮ್ಮ
ಮಂಜುಷಾ

ತಾ.ಕ.: ಇಷ್ಟು ಬರೆದರೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಆ ಜಾಗದಲ್ಲಿ ನಿಂತಿದ್ದವಳು ನಾನು. ಹಗ್ಗ ಇನ್ನಷ್ಟು ಬಿಗಿ ಮಾಡು ಎಂದು ಕ್ಯಾಪ್ಟನ್ ವಾಕಿಟಾಕಿಯಲ್ಲಿ ಹೇಳಿದ್ದಕ್ಕೆ ಹಗ್ಗ ಸುತ್ತುವ ಯಂತ್ರದ ಹತ್ತಿರ ಹೋಗಿದ್ದೆ. ಚಾಚಾ ಸುರಕ್ಷಿತವಾಗಿ ದೂರದಲ್ಲಿದ್ದರು. ಓಡಿ ಬಂದರು, ನನ್ನ ಜಾಕೆಟ್ ಹಿಡಿದು ಎಳೆದು ಹಿಂದಕ್ಕೆ ಒಗೆದರು. "ಬಾಜೂಕ ಸರಿ ಬೇಟಿ, ಸರಿ" ಎಂದರು. ನಾಳೆ ಇದನ್ನೂ ಹೇಳುತ್ತೇನೆ. ಯಾರನ್ನೋ ಉಳಿಸಲು ಹೋಗಿದ್ದರು ಎಂದಷ್ಟೇ ಚಾಚಿಗೆ ಹೇಳಿ, ವೈನಿ. ಯಾರನ್ನು ಎಂದು ಕೇಳಿದರೆ, ಆಕೆಯೇ ನಿಮ್ಮ ಮನೆಗೆ ಬಂದು ಹೇಳುತ್ತಾಳೆ ಅನ್ನಿ.