ನಡುವಿನ ಸೊನ್ನೆ

ಮನೆಯಿಂದ,
ತಾ. ೧೪, ಬುಧವಾರ ಮಧ್ಯಾಹ್ನ

ಸೊಸೆಯಾಗಿ ಬಂದು ಮಗಳಾದವಳೇ,

ಹೇಗಿದ್ದೀಯಮ್ಮ? ಕೆಮ್ಮು ನಿಂತಿತೇ? ನರ್ಸಿಂಗ್ ಓದುವವಳಿಗೆ ಆಯಾ ಬುದ್ಧಿ ಹೇಳಬಾರದು, ಆದರೂ ಹೇಳುತ್ತೇನೆ, ಒದ್ದೆ ತಲೆಯಲ್ಲಿ ಮಲಗಬೇಡ. ನೀನು ಹಾಸ್ಟೆಲಿಗೆ ಹೋಗಿ ಇವತ್ತಿಗೆ ಅರವತ್ತಮೂರು ದಿನ. ನನಗೆ ಲೆಕ್ಕ ಬರುವುದಿಲ್ಲವೆಂದು ನಗುತ್ತಿದ್ದೆಯಲ್ಲ, ಈ ಲೆಕ್ಕ ಒಂದು ದಿನವೂ ತಪ್ಪಿಲ್ಲ. ಉಪ್ಪು ಜಾಸ್ತಿ, ನೀರು ಜಾಸ್ತಿ ಎಂದು ನನ್ನ ಜೊತೆ ಜಗಳಕ್ಕೆ ನಿಲ್ಲುವವರಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ನಿನ್ನ ಗಂಡನಂತೂ ಹಾಕಿದ್ದನ್ನು ತಿಂದು ಏಳುತ್ತಾನೆ, ಅವನ ಜೊತೆ ಜಗಳವಾಡುವುದೂ ಒಂದೇ, ಗೋಡೆಯ ಜೊತೆ ಆಡುವುದೂ ಒಂದೇ.

ಇಲ್ಲಿಯ ಸುದ್ದಿ ಕೇಳು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ತೂಕ ಬರೆಯುವ ನಮ್ಮಂಥ ಆಯಾಗಳೆಲ್ಲ ಇನ್ನು ಅಳತೆ ಮತ್ತು ಲೆಕ್ಕದ ಪಾಠಕ್ಕೆ ಕೂರಬೇಕಂತೆ. ಐವತ್ತೇಳನೇ ವಯಸ್ಸಿನಲ್ಲಿ ನನಗೆ ಈ ಕಬ್ಬಿಣದ ಕಡಲೆ! ಟೀಚರಮ್ಮ ನಿನಗಿಂತ ಚಿಕ್ಕವಳು, ಮೂಗಿನ ತುದಿಗೆ ಕನ್ನಡಕ, ಆದರೆ ಬೈಯುವುದಿಲ್ಲ. ಒಂದು ಚಮಚವೆಂದರೆ ಐದು ಎಂ.ಎಲ್. ಎಂದಳು. ನಾನು ಮನೆಯ ಚಮಚ ಒಯ್ದು ಅಳೆಯುವ ಗಾಜಿಗೆ ಸುರಿದು ನೋಡಿದರೆ ಎಂಟು! "ಅದಕ್ಕೇ ಔಷಧಿ ಜೊತೆ ಬರೋ ಮುಚ್ಚಳದಲ್ಲೇ ಅಳೀಬೇಕು ಅಜ್ಜಿ" ಎಂದು ಕೈ ತಟ್ಟಿದಳು. ಅಜ್ಜಿ ಅಂದದ್ದಕ್ಕೆ ಸ್ವಲ್ಪ ಸಿಟ್ಟು ಬಂತು, ಇರಲಿ.

ಸೋಮವಾರ ಬೋರ್ಡಿನ ಮೇಲೆ 8.05, 8.5 ಎಂದು ಬರೆದು ಯಾವುದು ದೊಡ್ಡದು ಎಂದು ಕೇಳಿದಳು. ನಾನೇ ಮೊದಲು ಬಾಯಿ ಹಾಕಿದೆ, "ಎರಡೂ ಒಂದೇ ಅಲ್ವಾ, ಮಧ್ಯದ ಸೊನ್ನೆಗೇನು ಬೆಲೆ?" ಅವಳು ನಗಲಿಲ್ಲ. "ಮಗುವಿನ ತೂಕದಲ್ಲಿ ಆ ಸೊನ್ನೆ ಬಿಟ್ರೆ ನಾನೂರೈವತ್ತು ಗ್ರಾಂ ಹೆಚ್ಚು ಬರೆದ ಹಾಗೆ" ಎಂದಳು. ಆಗ ನೆನಪಾಯಿತು. ಕಳೆದ ತಿಂಗಳು ನಮ್ಮ ಗುಬ್ಬಿಯನ್ನು ವಾರ್ಡಿನ ಹೊಸ ಯಂತ್ರದ ಮೇಲೆ ಕೂರಿಸಿದಾಗ ಅದು ತೋರಿಸಿದ್ದು 8.05. ನಾನು ನಿನಗೆ ಬರೆದದ್ದು, ಎಂಟೂವರೆ ಕಿಲೋ, ನಿನ್ನ ಮಗಳು ಮುನ್ನೂರು ಗ್ರಾಂ ಕೂಡಿದ್ದಾಳೆ ಎಂದು. ಅದಕ್ಕೂ ಮೊದಲು ಮುಳ್ಳಿನ ತಕ್ಕಡಿಯಲ್ಲಿ ಅವಳು ಎಂಟು ಕಿಲೋ ಇನ್ನೂರು ಗ್ರಾಂ ಇದ್ದಳಲ್ಲ, ಕೂಡಿದ್ದೆಲ್ಲಿ ಬಂತು ಮಗಳೇ, ನೂರೈವತ್ತು ಕಳೆದಿತ್ತು. ವಾರ್ಡಿನ ಮಕ್ಕಳ ಚೀಟಿಗೆ ಯಂತ್ರದಲ್ಲಿದ್ದಂತೆಯೇ ಅಂಕಿ ಇಳಿಸುತ್ತೇನೆ, ಅಲ್ಲಿ ತಪ್ಪಿಲ್ಲ. ಓದಿ ಹೇಳುವಾಗ ಎಡವಿದ್ದು ನಮ್ಮ ಮನೆಯ ಕೂಸಿನ ವಿಷಯದಲ್ಲೇ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ನನ್ನಂಥವಳಿಗೇ.

ಅವತ್ತೇ ಅವಳನ್ನು ಮತ್ತೆ ತೂಗಿದೆ. ಬಟ್ಟೆ ಬಿಚ್ಚಿ, ಮೂರು ಸಲ. ಎಂಟು ಕಿಲೋಗೆ ಐವತ್ತು ಗ್ರಾಂ ಕಮ್ಮಿ. ಡಾಕ್ಟರು ಪೂರ್ತಿ ಪರೀಕ್ಷೆ ಮಾಡಿ, ಕಾಯಿಲೆ ಏನೂ ಇಲ್ಲ, ತಾಯಿಯನ್ನು ಹುಡುಕುತ್ತಿದೆ, ಹೊಟ್ಟೆ ತುಂಬ ತಿನ್ನುತ್ತಿಲ್ಲ, ಪ್ರತಿ ವಾರ ತೂಕ ನೋಡಿ ಎಂದರು. ನಿಜ, ಎರಡು ತುತ್ತಿಗೆ ಬಾಯಿ ಮುಚ್ಚಿ ಬಾಗಿಲ ಕಡೆ ತಿರುಗುತ್ತಾಳೆ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಬೇರೆ ಮಾತು ಎತ್ತಿಬಿಡುತ್ತೇನೆ. ಬಾ ಎಂದರೆ ಮುಂದಿನ ತಿಂಗಳ ಪರೀಕ್ಷೆ ಹೋಗುತ್ತದೆ, ಪರೀಕ್ಷೆ ಹೋದರೆ ವರ್ಷವೇ ಹೋಯಿತು. ಆದ್ದರಿಂದ ಬರಬೇಡ. ಹೇಗೋ ತಿನ್ನಿಸುತ್ತೇನೆ. ತಪ್ಪು ಬರೆದದ್ದಕ್ಕೆ ಈ ಮುದುಕಿಯನ್ನು ಬೈದುಬಿಡು, ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ಕಾಲ ಬಾಳು.

ನಿನ್ನ ದಾರಿ ಕಾಯುವ
ಅತ್ತೆ

ಮತ್ತೊಂದು ಮಾತು: ಕಾಗದ ಮಡಚುವಷ್ಟರಲ್ಲಿ ನಿನ್ನ ಗಂಡ ಬಂದು ಓದಿದ. ಓದಿ, "ಅವಳು ಬರೋಕಾಗಲ್ಲ, ಸರಿ. ನೀನು ಮಗು ಕರ್ಕೊಂಡು ಹೋಗೋಕೇನಮ್ಮ ಅಡ್ಡಿ?" ಎಂದ. ಗೋಡೆ ಬಾಯಿ ಬಿಟ್ಟಿತು ನೋಡು! ಅರವತ್ತಮೂರು ದಿನ ಇದು ನನ್ನ ತಲೆಗೆ ಹೊಳೆಯಲಿಲ್ಲವಲ್ಲೇ. ಆಗಲೇ ಆಸ್ಪತ್ರೆಗೆ ಓಡಿ ಕೇಳಿ ಬಂದೆ, ಇನ್‌ಚಾರ್ಜ್ ಸಿಸ್ಟರ್ ರಜೆ ಕೊಟ್ಟರು, ಲೆಕ್ಕದ ಪಾಠಕ್ಕೆ ಮುಂದಿನ ತಂಡದಲ್ಲಿ ಕೂರುತ್ತೇನೆ. ನಿನ್ನ ಹಾಸ್ಟೆಲಿನ ಹತ್ತಿರ ಒಂದು ಕೋಣೆ ನೋಡು, ಚಿಕ್ಕದಾದರೂ ಸರಿ. ಹಗಲು ನೀನು ಓದು, ಸಂಜೆ ಬಂದು ಅವಳಿಗೆ ತುತ್ತು ಕೊಡು, ನನ್ನ ಅಡುಗೆಗೆ ಉಪ್ಪು ಜಾಸ್ತಿ ಅನ್ನು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಬಸ್ಸಿಳಿಯುತ್ತೇವೆ. ಸಾಮಾನಿಗೆ ಕೈ ಹಾಕಬೇಡ, ನಾನು ಇಳಿಸಿಕೊಳ್ಳುತ್ತೇನೆ. ನೀನು ಮೊದಲು ಅವಳನ್ನು ಎತ್ತಿಕೋ.